ಬಣ್ಣ ಕೆರೆಯದ ಫಿಟ್ಟರ್

ಹಿಂದಿನ ಮಡ್‌ಗಾರ್ಡಿನ ಮೇಲೆ, ನಂಬರ್ ಪ್ಲೇಟಿನಿಂದ ನಾಲ್ಕು ಬೆರಳು ಮೇಲಕ್ಕೆ, ಬಿಳಿ ಬಣ್ಣದಲ್ಲಿ ಬರೆದ ಮೂರು ಅಂಕಿಗಳಿವೆ. ಬರೆದವರಿಗೆ ಕುಂಚ ಹಿಡಿದು ಅಭ್ಯಾಸವಿರಲಿಲ್ಲ. ಅಂಕಿಗಳು ಬಲಕ್ಕೆ ವಾಲಿವೆ. ಕೊನೆಯ ಅಂಕಿ ಅರ್ಧ ಅಳಿಸಿದೆ. ಸುತ್ತಲಿನ ಕಡುಗೆಂಪು ಬಣ್ಣ ಅಲ್ಲಲ್ಲಿ ಸವೆದು ಒಳಗಿನ ತಗಡು ಕಾಣುತ್ತದೆ. ಮೈಸೂರಿನಲ್ಲಿ ತಯಾರಾದ 1960ರ ದಶಕದ ಈ ಜಾವಾ ಬೈಕು ಈಗ ಕೆಜಿಎಫ್‌ನ, ಅಂದರೆ ಕೋಲಾರ ಚಿನ್ನದ ಗಣಿಯ ಊರಿನ, ಆಂಡರ್ಸನ್‌ಪೇಟೆಯ ಒಂದು ತಗಡಿನ ಶೆಡ್ಡಿನಲ್ಲಿದೆ. ಅದನ್ನು ನೋಡಲೆಂದೇ ನಾನು ಬಂಗಾರಪೇಟೆ ದಾಟಿ ಇಲ್ಲಿಗೆ ಬಂದದ್ದು.

ಆ ಕಾಲದ ಜಾವಾ ಓಡಿಸಿದವರಿಗೆ ನೆನಪಿರುತ್ತದೆ: ಒಂದು ಜಾವಾದ ಕೀಲಿ ಇನ್ನೊಂದಕ್ಕೂ ಹತ್ತುತ್ತಿತ್ತು. ಗಣಿಯ ಗೇಟಿನ ಪಕ್ಕದ ಸ್ಟ್ಯಾಂಡಿನಲ್ಲಿ ಒಂದೇ ಬಣ್ಣದ ಬೈಕುಗಳು ಒತ್ತಾಗಿ ನಿಂತಿರುತ್ತಿದ್ದವು. ರಾತ್ರಿ ಪಾಳಿ ಮುಗಿಸಿ ಮೇಲೆ ಬಂದವರು ಕತ್ತಲಲ್ಲಿ ಯಾರದೋ ಗಾಡಿ ಒದ್ದು ಹೊರಟುಬಿಡುವ ಸಾಧ್ಯತೆ ಇದ್ದೇ ಇತ್ತು. ಹಾಗಾಗಿ ಈ ಬೈಕಿನ ಮಾಲೀಕರು ಗಣಿಯಲ್ಲಿ ಕೊಟ್ಟ ತಮ್ಮ ಟೋಕನ್ ನಂಬರನ್ನೇ ಮಡ್‌ಗಾರ್ಡಿನ ಮೇಲೆ ಬರೆದುಕೊಂಡಿದ್ದರು. ಆಮೇಲೆ ಯಾವುದೋ ವರ್ಷ ಹಬ್ಬಕ್ಕೆಂದು ಇಡೀ ಗಾಡಿಗೆ ಕಪ್ಪು ಬಣ್ಣ ಬಳಿಸಿದರು. ನಂಬರು ಅದರಡಿ ಮುಚ್ಚಿಹೋಯಿತು. ಅವರು ತೀರಿಕೊಂಡ ಮೇಲೆ ಬೈಕು ಗಣಿ ಕಾರ್ಮಿಕರ ಲೈನ್ ಮನೆಯ ಗೋಡೆಗೆ ಒರಗಿ ವರ್ಷಗಟ್ಟಲೆ ನಿಂತಿತ್ತು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ಅದನ್ನು ಶೆಡ್ಡಿಗೆ ತಂದು, ಎಲ್ಲ ಕೆರೆದು ಹೊಸದರಂತೆ ಮಿಂಚುವ ಹಾಗೆ ಪೇಂಟ್ ಮಾಡಿಕೊಡಿ ಎಂದು ಕೇಳಿದ.

ಶೆಡ್ಡಿನ ಯಜಮಾನರು ಒಪ್ಪಲಿಲ್ಲ. "ಮೊದಲು ಕೆಳಗೇನಿದೆ ಅಂತ ನೋಡೋಣ ಇರಪ್ಪ" ಎಂದರು. ಕಪ್ಪಿನಡಿಯಿಂದ ಕಡುಗೆಂಪು ಬಂತು, ಅದರ ಮೇಲಿನ ಸಣ್ಣ ಗೆರೆ ಬಂತು, ಕೊನೆಗೆ ಈ ಅಂಕಿಗಳು ಬಂದವು. ಮನೆಯ ಪೆಟ್ಟಿಗೆಯಲ್ಲಿದ್ದ ಹಿತ್ತಾಳೆ ಟೋಕನ್ನಿನ ಮೇಲೂ ಅದೇ ಸಂಖ್ಯೆ. ಮಗ ಬಹಳ ಹೊತ್ತು ಮಾತಾಡಲಿಲ್ಲವಂತೆ. "ಇದು ನಿಮ್ಮಪ್ಪ ಬರೆದಿದ್ದು. ಇದರ ಮೇಲೆ ನಾನು ಬಳಿದರೆ ಅದು ನನ್ನ ಗಾಡಿ ಆಗ್ತದೆ, ನಿಮ್ಮಪ್ಪಂದಲ್ಲ" ಎಂದು ಹೇಳಿ ಕಳಿಸಿದರಂತೆ ಯಜಮಾನರು.

ಪೇಟೆಯವರು ಅವರನ್ನು ಫಿಟ್ಟರ್ ಸಾರ್ ಎನ್ನುತ್ತಾರೆ. ಪತ್ರಿಕೆಯಲ್ಲಿ ಹೆಸರು ಬೇಡವೆಂದು ಕೇಳಿಕೊಂಡರು. ಎಪ್ಪತ್ತು ದಾಟಿದೆ. ಮನೆಯಲ್ಲಿ ತಮಿಳು, ಅಂಗಡಿಯಲ್ಲಿ ತೆಲುಗು, ನನ್ನೊಡನೆ ಕೋಲಾರದ ಕನ್ನಡ. ಇಲ್ಲಿ ಇದು ಎಲ್ಲರ ಬದುಕಿನ ರೀತಿ. ಚಿನ್ನದ ಗಣಿಯಲ್ಲಿ ಫಿಟ್ಟರ್ ಆಗಿದ್ದವರು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದಾಗ ಕೈಯಲ್ಲಿದ್ದದ್ದು ಪರಿಹಾರದ ಹಣ ಮತ್ತು ಒಂದು ಪೆಟ್ಟಿಗೆ ಸ್ಪ್ಯಾನರು. ಊರಿನಲ್ಲೇ ಇದ್ದ ಬಿಇಎಂಎಲ್ ಕಾರ್ಖಾನೆಯಲ್ಲಿ ಎಲ್ಲರಿಗೂ ಜಾಗವಿರಲಿಲ್ಲ. ಸಾವಿರಾರು ಜನ ಮಾರಿಕುಪ್ಪಂನಿಂದ ಬೆಂಗಳೂರಿನ ರೈಲು ಹತ್ತತೊಡಗಿದರು, ಇವತ್ತಿಗೂ ಹತ್ತುತ್ತಿದ್ದಾರೆ. ಇವರು ಊರಲ್ಲೇ ಉಳಿದು ಶೆಡ್ ಹಾಕಿದರು.

ಗಣಿಯ ಕೆಲಸ ಅವರಿಗೆ ಕಲಿಸಿದ್ದನ್ನು ಅರ್ಥಮಾಡಿಕೊಳ್ಳದೆ ಈ ಶೆಡ್ಡು ಅರ್ಥವಾಗುವುದಿಲ್ಲ. ಚಾಂಪಿಯನ್ ರೀಫ್ ಗಣಿ ನೆಲದಡಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಆ ಆಳಕ್ಕೆ ಮನುಷ್ಯರನ್ನು ಇಳಿಸಿ ಎತ್ತುತ್ತಿದ್ದದ್ದು ವೈಂಡಿಂಗ್ ಎಂಜಿನ್ ಮತ್ತು ಉಕ್ಕಿನ ಹಗ್ಗ. ಹಗ್ಗದ ಒಂದು ಎಳೆ ತುಂಡಾದರೂ ಪುಸ್ತಕದಲ್ಲಿ ಬರೆಯಬೇಕು. ಯಾವ ಬೋಲ್ಟು ಯಾವಾಗ ಬಿಚ್ಚಿದ್ದು, ಯಾರು ಬಿಗಿದದ್ದು, ಎಲ್ಲಕ್ಕೂ ಲೆಕ್ಕವಿರಬೇಕು. "ಸರಿಯಾಗಿರೋದನ್ನ ಮುಟ್ಟಬಾರದು, ಮುಟ್ಟಿದ್ದನ್ನ ಬರೆಯದೆ ಇರಬಾರದು" ಎಂದು ಅವರ ಮೇಲಿನವರು ಹೇಳುತ್ತಿದ್ದರಂತೆ. ಇಂದಿಗೂ ಶೆಡ್ಡಿಗೆ ಬಂದ ಪ್ರತಿ ಗಾಡಿಗೂ ಒಂದು ಶಾಲೆಯ ನೋಟ್‌ಬುಕ್ ಇದೆ. ಗಾಡಿ ಬಂದಾಗ ಟ್ಯಾಂಕಿನಲ್ಲಿ ಎಷ್ಟು ತಗ್ಗು, ಯಾವ ನಟ್ಟು ಕಂಪನಿಯದು, ಯಾವುದು ಆಮೇಲೆ ಹಾಕಿದ್ದು, ಬಣ್ಣ ಎಲ್ಲಿ ಯಾಕೆ ಸವೆದಿದೆ ಎಂಬುದೆಲ್ಲ ಅದರಲ್ಲಿ. ಜಾವಾದ ಪುಸ್ತಕದಲ್ಲಿ ಒಂದು ಸಾಲು ನನಗೆ ಬಹಳ ಹಿಡಿಸಿತು: "ಟ್ಯಾಂಕು ಎಡಗಡೆ ಬಣ್ಣ ಹೋಗಿದೆ. ಟಿಫನ್ ಕ್ಯಾರಿಯರ್ ಚೀಲ ಉಜ್ಜಿ. ಹಾಗೇ ಬಿಡುವುದು."

ಜಾವಾದ ಚರಿತ್ರೆಯನ್ನು ಅವರು ಹೇಳಿದ್ದು ಎರಡು ಬೀಡಿ ಮುಗಿಯುವಷ್ಟರಲ್ಲಿ. ಚೆಕ್ ದೇಶದ ಜಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ವಿನ್ಯಾಸ ಕೊಂಡು, ತನ್ನ ಹೆಸರಿನ ಮತ್ತು ಅದರ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಜಾವಾ ಎಂದು ಕರೆದ. ಮುಂಬಯಿಯ ಪಾರ್ಸಿ ಇರಾನಿ ಕುಟುಂಬ ಮೊದಲು ಅದನ್ನು ಆಮದು ಮಾಡುತ್ತಿತ್ತು. ಆಮದಿಗೆ ಸರ್ಕಾರ ತಡೆಹಾಕಿದಾಗ, ಮೈಸೂರಿನ ಮಹಾರಾಜರ ಪ್ರೋತ್ಸಾಹದಿಂದ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಎದ್ದಿತು. 1961ರಲ್ಲಿ ಬೈಕುಗಳು ಹೊರಬಂದವು. 1970ರ ದಶಕದಲ್ಲಿ ಹೆಸರು ಯೆಜ್ದಿ ಆಯಿತು, 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಹೆಸರು ಹೊಸ ಬೈಕುಗಳ ಮೇಲೆ ಮರಳಿ ಬಂತು. ಅದರ ಬಗ್ಗೆ ಫಿಟ್ಟರ್ ಸಾರ್‌ಗೆ ಹೇಳುವುದೇನೂ ಇರಲಿಲ್ಲ. ಕನ್ನಡ ನಾಡಿನ ಎರಡು ದೊಡ್ಡ ದುಡಿಮೆಯ ನೆಲೆಗಳು ಐದು ವರ್ಷದ ಅಂತರದಲ್ಲಿ ಮುಚ್ಚಿದವು ಎಂಬುದನ್ನು ಮಾತ್ರ ಅವರು ಮತ್ತೆ ಮತ್ತೆ ಹೇಳಿದರು.

ಇನ್ನು ಬಣ್ಣದ ಕೆಲಸ. ಇದನ್ನು ನಿಧಾನವಾಗಿ ಹೇಳಬೇಕು.

ಗಾಡಿ ಬಂದ ಕೂಡಲೇ ಒಣಬಟ್ಟೆಯಲ್ಲಿ ಒರೆಸುವಂತಿಲ್ಲ. ಕೆಜಿಎಫ್‌ನಲ್ಲಿ ಇದು ಮೊದಲ ಪಾಠ. ಚಿನ್ನ ತೆಗೆದ ಮೇಲೆ ಉಳಿದ ಮೂರು ಕೋಟಿ ಟನ್ನಿಗೂ ಹೆಚ್ಚಿನ ಬೂದು ಮರಳು ಸೈನೈಡ್ ದಿಬ್ಬಗಳಾಗಿ ಊರ ಸುತ್ತ ನಿಂತಿದೆ. ಬೇಸಗೆಯ ಗಾಳಿಗೆ ಅದು ಎಲ್ಲರ ಮನೆಗೂ, ಎಲ್ಲರ ಗಾಡಿಗೂ ಬಂದು ಕೂರುತ್ತದೆ. ಪುಡಿಮಾಡಿದ ಬಂಡೆಯ ಆ ಧೂಳನ್ನು ಒಣಗಿದ್ದಾಗ ಒರೆಸಿದರೆ ಬಣ್ಣದ ಮೇಲೆ ಗೀರು ಬೀಳುತ್ತದೆ. ಆದ್ದರಿಂದ ಮೊದಲು ನೀರು, ಬರೀ ನೀರು, ಮೇಲಿನಿಂದ ಕೆಳಕ್ಕೆ. ಆಮೇಲೆ ತೆಳು ಸೋಪಿನ ನೀರು, ಹಳೆಯ ಹತ್ತಿ ಬನಿಯನ್ನು. ಗ್ರೀಸ್ ಅಂಟಿದ ಕಡೆ ಸೀಮೆಎಣ್ಣೆ.

ನಂತರ ಸೀಟಿನಡಿ, ಯಾರ ಕಣ್ಣಿಗೂ ಬೀಳದ ಕಡೆ, ಬೆರಳಗಲದ ಜಾಗದಲ್ಲಿ ಪರೀಕ್ಷೆ. ಕಾರ್ಖಾನೆಯ ಬಣ್ಣ ಒಲೆಯಲ್ಲಿ ಬೇಯಿಸಿ ಗಟ್ಟಿಮಾಡಿದ ಎನಾಮಲ್. ಪೇಟೆಯಲ್ಲಿ ಆಮೇಲೆ ಹೊಡೆದದ್ದು ಹೆಚ್ಚಾಗಿ ತಿನ್ನರ್ ಬೆರೆಸಿ ಗನ್ನಿನಲ್ಲಿ ಹಾರಿಸಿದ ಬಣ್ಣ. ತಿನ್ನರ್ ತಾಗಿದರೆ ಎರಡನೆಯದು ಕರಗುತ್ತದೆ, ಮೊದಲನೆಯದು ಸ್ವಲ್ಪ ಹೊತ್ತು ತಡೆಯುತ್ತದೆ. ಆ ಸ್ವಲ್ಪ ಹೊತ್ತಿನಲ್ಲೇ ಇಡೀ ಕಸುಬು ಇದೆ. ಹತ್ತಿಯ ಉಂಡೆಯನ್ನು ತಿನ್ನರಿನಲ್ಲಿ ಅದ್ದಿ ಹಿಂಡಿ ಒಂದೇ ಸಲ ಸವರಬೇಕು, ಮರುಕ್ಷಣವೇ ಬೇರೆ ಬಟ್ಟೆಯಿಂದ ಎತ್ತಬೇಕು, ಆ ಉಂಡೆ ಎಸೆದು ಹೊಸದು ತೆಗೆದುಕೊಳ್ಳಬೇಕು. ಅಂಗೈಯಗಲ ಜಾಗಕ್ಕೆ ಒಂದು ಬೆಳಿಗ್ಗೆ ಹಿಡಿಯುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಈ ಕೆಲಸವಿಲ್ಲ. ತಗಡು ಕಾದಿದ್ದರೆ ತಿನ್ನರ್ ಒಳಗಿನ ಬಣ್ಣವನ್ನೂ ಎಳೆದುಬಿಡುತ್ತದೆ.

ಮಡ್‌ಗಾರ್ಡಿನ ಕೊನೆಯ ಅಂಕಿ ಅರ್ಧ ಅಳಿಸಿದ್ದು ಹೀಗೆ. ಬಿಳಿ ಅಂಕಿಗಳು ಕಾರ್ಖಾನೆಯವಲ್ಲ, ಮಾಲೀಕರು ಕೈಯಿಂದ ಬರೆದವು, ಮೆತ್ತಗಿನ ಬಣ್ಣ. ಕಪ್ಪಿನಡಿ ಅಂಥದ್ದೊಂದು ಇದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಹತ್ತಿಯಲ್ಲಿ ಬಿಳಿ ಕಂಡಕೂಡಲೇ ಫಿಟ್ಟರ್ ಸಾರ್ ಕೈ ತೆಗೆದರು. ಉಳಿದೆರಡು ಅಂಕಿಗಳ ಮೇಲಿನ ಕಪ್ಪನ್ನು ತಿನ್ನರಿಲ್ಲದೆ, ನೀರಿನಲ್ಲಿ ನೆನೆಸಿದ ಅತಿ ನುಣುಪಾದ ವಾಟರ್ ಪೇಪರಿನಿಂದ ಉಜ್ಜಿ ಉಜ್ಜಿ ಬಿಡಿಸಿದರು. ಅಳಿಸಿದ ಅರ್ಧವನ್ನು ಮತ್ತೆ ಬರೆದು ತುಂಬಿಸಬಹುದಿತ್ತಲ್ಲ ಎಂದು ಕೇಳಿದೆ. "ಅದು ಅವರ ಕೈ ಸಾರ್. ನನ್ನ ಕೈ ಅಲ್ಲಿ ಯಾಕೆ?" ಎಂದರು.

ಮೇಲಿನದೆಲ್ಲ ಹೋದ ಮೇಲೆ ರಬ್ಬಿಂಗ್ ಕಾಂಪೌಂಡು, ಅದೂ ಬೆರಳಿನಿಂದ. ಪಾಲಿಶ್ ಮೆಷಿನನ್ನು ಈ ಶೆಡ್ಡಿನೊಳಗೆ ಬಿಡುವುದಿಲ್ಲ. ಅಂಚುಗಳಲ್ಲಿ ಬಣ್ಣ ಕಾಗದದಷ್ಟು ತೆಳ್ಳಗಿರುತ್ತದೆ, ಮೆಷಿನ್ ಒಂದು ಸುತ್ತು ತಿರುಗಿದರೆ ತಗಡು ಕಾಣುತ್ತದೆ. ಬಣ್ಣ ಹೋದ ಕಡೆಯ ತುಕ್ಕನ್ನು ಬೆಳೆಯದಂತೆ ನಿಲ್ಲಿಸುತ್ತಾರೆ: ಫಾಸ್ಫಾರಿಕ್ ಆಮ್ಲವಿರುವ ರಸ್ಟ್ ರಿಮೂವರ್ ಹತ್ತಿಯ ತುದಿಯಲ್ಲಿ, ತೊಳೆದು ಒಣಗಿಸಿದ ಮೇಲೆ ಅಗಸೆ ಎಣ್ಣೆಯ ಒಂದು ಪದರ, ಕೊನೆಗೆ ಮೇಣ. ಕ್ರೋಮ್ ಭಾಗಗಳಿಗೆ ನೀರು ಮತ್ತು ಅಲ್ಯುಮಿನಿಯಂ ಫಾಯಿಲ್. ಟ್ಯಾಂಕಿನ ಒಳಗಿನ ತುಕ್ಕಿಗೆ ಡೀಸೆಲ್, ಒಂದು ಹಿಡಿ ನಟ್ಟು, ಮತ್ತು ಕುಲುಕಲು ಇಬ್ಬರು ಹುಡುಗರು.

ಎಂಜಿನ್ನಿನ ಕೆಲಸವನ್ನು ಅವರು ವಿವರಿಸಲೇ ಇಲ್ಲ. ಬೋರ್, ಪಿಸ್ಟನ್, ಆಯಿಲ್ ಸೀಲು, ಕರಿ ಹಿಡಿದ ಸೈಲೆನ್ಸರು: ಎಲ್ಲ ಸವೆಯುವ ಸಾಮಾನು, ಬದಲಿಸಬೇಕಾದ್ದು ಬದಲಿಸಲೇಬೇಕು ಎಂದಷ್ಟೇ ಹೇಳಿದರು. ಗೇರ್ ಹಾಕುವ ಲಿವರನ್ನೇ ಒಳಕ್ಕೊತ್ತಿ ಮೇಲೆತ್ತಿ ಕಿಕ್ಕರ್ ಮಾಡಿ ಒದ್ದಾಗ ಆ ಎರಡು ಸೈಲೆನ್ಸರಿನ ಸದ್ದು ಕೇಳಿ ಪಕ್ಕದ ಟೀ ಅಂಗಡಿಯಿಂದ ಮೂವರು ಎದ್ದು ಬಂದರು.

ಹಳೆಯ ಬಣ್ಣವನ್ನು ಹಾಗೇ ಉಳಿಸುವ ಈ ವಿಚಾರ ಆಂಡರ್ಸನ್‌ಪೇಟೆಯ ಒಬ್ಬ ಹಿರಿಯರ ಹಟ ಮಾತ್ರ ಎಂದು ಯಾರೂ ತಿಳಿಯಬಾರದು. ಅಮೆರಿಕದಲ್ಲಿ 1960ರ ದಶಕದ ಭಾರೀ ಎಂಜಿನ್ನಿನ ಕಾರುಗಳಿಗೆ ಮಸಲ್ ಕಾರ್ ಎನ್ನುತ್ತಾರೆ. 1968ರಲ್ಲಿ ತೆರೆಕಂಡ 'ಬುಲಿಟ್' ಚಿತ್ರದಲ್ಲಿ ಸ್ಟೀವ್ ಮೆಕ್ವೀನ್ ಓಡಿಸಿದ ಕಡುಹಸಿರು ಫೋರ್ಡ್ ಮಸ್ಟಾಂಗ್ ಕಾರನ್ನು 1974ರಲ್ಲಿ ಒಂದು ಸಾಮಾನ್ಯ ಕುಟುಂಬ 6 ಸಾವಿರ ಡಾಲರಿಗೆ ಕೊಂಡಿತು. ಮನೆಯಾಕೆ ಶಾಲೆಯಲ್ಲಿ ಪಾಠ ಹೇಳಲು ಅದರಲ್ಲೇ ಹೋಗಿಬರುತ್ತಿದ್ದರು. ಮೆಕ್ವೀನ್ ಪತ್ರ ಬರೆದು ಕೇಳಿದರೂ ಕೊಡಲಿಲ್ಲ. 1980ರಲ್ಲಿ ಕ್ಲಚ್ ಕೆಟ್ಟು ನಿಂತ ಕಾರು ದಶಕಗಳ ಕಾಲ ಮೂಲೆ ಸೇರಿತ್ತು. ಮಗ ಅದನ್ನು ಓಡುವಂತೆ ಮಾಡಿದ, ಬಣ್ಣ ಮಾತ್ರ ಮುಟ್ಟಲಿಲ್ಲ. ತುಕ್ಕು, ಗೀರು, ಚಿತ್ರೀಕರಣಕ್ಕೆ ಕ್ಯಾಮೆರಾ ಕೂರಿಸಿದ ಗುರುತು ಎಲ್ಲ ಹಾಗೇ ಇದ್ದವು. 2020ರ ಜನವರಿಯಲ್ಲಿ ಫ್ಲೋರಿಡಾದ ಹರಾಜಿನಲ್ಲಿ 34 ಲಕ್ಷ ಡಾಲರಿಗೆ ಕೂಗು ನಿಂತಿತು. ಶುಲ್ಕ ಸೇರಿ ಆದದ್ದು 37 ಲಕ್ಷಕ್ಕೂ ಹೆಚ್ಚು. ಥಳಥಳಿಸುವ ಮಸ್ಟಾಂಗುಗಳು ಬೇಕಾದಷ್ಟಿವೆ, ಅಲ್ಲಿಯವರೆಗೆ ಹರಾಜಿನಲ್ಲಿ ಯಾವುದಕ್ಕೂ ಆ ಬೆಲೆ ಬಂದಿರಲಿಲ್ಲ. ಈ ಕಥೆಯನ್ನು ಫಿಟ್ಟರ್ ಸಾರ್‌ಗೆ ಹೇಳಿದೆ. ಬೆಲೆಯ ಬಗ್ಗೆ ಅವರು ಏನೂ ಕೇಳಲಿಲ್ಲ. "ಕ್ಯಾಮೆರಾ ಗುರುತು ಬಿಟ್ಟರಾ? ಒಳ್ಳೇದು" ಎಂದರು.

ಕಷ್ಟ ಬೇರೆಯೇ ಇದೆ. ಹೀಗೆ ಉಳಿಸುವ ಕೆಲಸಕ್ಕೆ ಹೊಸ ಬಣ್ಣ ಹೊಡೆಯುವುದಕ್ಕಿಂತ ಹೆಚ್ಚು ದಿನ ಬೇಕು, ಮುಗಿದ ಮೇಲೆ ಗಾಡಿ ಹಳೆಯದಾಗಿಯೇ ಕಾಣುತ್ತದೆ. ಇದಕ್ಕೆ ದುಡ್ಡು ಯಾಕೆ ಕೊಡಬೇಕೆಂದು ಗಿರಾಕಿ ಕೇಳುತ್ತಾರೆ. ಹಳೆಯ ಬೈಕು ಹುಡುಕಿಕೊಂಡು ದೊಡ್ಡ ಊರುಗಳಿಂದ ಬರುವವರು ಲೈನ್ ಮನೆಗಳಿಂದ ಅಗ್ಗಕ್ಕೆ ಕೊಂಡು, ತಗಡಿನವರೆಗೂ ಕೆರೆಸಿ, ಹೊಸ ಸ್ಟಿಕರ್ ಅಂಟಿಸಿ ನಿಲ್ಲಿಸುತ್ತಾರೆ. ಆ ಕ್ಷಣಕ್ಕೆ ಅದು ಕೆಜಿಎಫ್‌ನ ಗಾಡಿಯಾಗಿ ಉಳಿಯುವುದಿಲ್ಲ. ಈ ಕಸುಬು ಕಲಿಯಲು ಹುಡುಗರೂ ಸಿಗುತ್ತಿಲ್ಲ. ಬೆಳಿಗ್ಗೆ ಕತ್ತಲಿರುವಾಗಲೇ ರೈಲು ಹತ್ತಿ ರಾತ್ರಿ ಮರಳುವ ಹುಡುಗರಿಗೆ ಅಂಗೈಯಗಲ ಜಾಗಕ್ಕೆ ಒಂದು ಬೆಳಿಗ್ಗೆ ಕೊಡಲು ಸಾಧ್ಯವಿಲ್ಲ, ಅವರನ್ನು ದೂರುವಂತೆಯೂ ಇಲ್ಲ.

ಇಡೀ ಊರಿಗೆ ಸಲ್ಲಬೇಕಾದ ಶ್ರದ್ಧೆ ಈ ಒಂದು ಶೆಡ್ಡಿನಲ್ಲಿ ಉಳಿದುಕೊಂಡಿದೆ ಎಂಬುದು ನನ್ನ ಅನಿಸಿಕೆ. ಶಿವನಸಮುದ್ರದಿಂದ 1902ರಲ್ಲೇ ವಿದ್ಯುತ್ ತರಿಸಿಕೊಂಡ ಗಣಿ ಇದು. 120 ವರ್ಷಗಳಲ್ಲಿ 800 ಟನ್ನಿಗೂ ಹೆಚ್ಚು ಚಿನ್ನ ಕೊಟ್ಟ ನೆಲ. 1965ರಲ್ಲಿ ಈ ಗಣಿಯ ಆಳದಲ್ಲೇ ವಿಜ್ಞಾನಿಗಳು ವಾತಾವರಣದಿಂದ ಬಂದ ನ್ಯೂಟ್ರಿನೋಗಳ ಗುರುತು ಹಿಡಿದರು. ಆ ಗಣಿಯ ಬಾವಿಗಳ ಮೇಲೆ ನಿಂತ ಹೆಡ್‌ಗೇರುಗಳು ಮಳೆಬಿಸಿಲಿಗೆ ತುಕ್ಕು ಹಿಡಿಯುತ್ತಿವೆ. ಅವುಗಳ ಮೇಲೂ ಯಾರೋ ಬರೆದ ಅಂಕಿಗಳಿದ್ದವು, ಅವಕ್ಕೂ ಲಾಗ್ ಬುಕ್ಕುಗಳಿದ್ದವು. ಅವನ್ನು ಗುಜರಿಯೆಂದು ನೋಡುವ ಕಣ್ಣಿನ ಬದಲು ಈ ಫಿಟ್ಟರರ ಕಣ್ಣು ಸರ್ಕಾರಕ್ಕೆ ಬೇಕಾಗಿದೆ. ಅವುಗಳನ್ನು ಬಿಚ್ಚಿ ಜೋಡಿಸಬಲ್ಲ ಕೊನೆಯ ತಲೆಮಾರು ಇನ್ನೂ ಬದುಕಿರುವಾಗಲೇ ಅದಾಗಬೇಕು.

ಓದುಗರಿಗೆ ಒಂದು ವಿನಂತಿ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪದಲ್ಲೇ ಉಳಿದಿರುವ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ಎಂದು 'ವಿಎ' ಸರಣಿಯಲ್ಲಿ ನೋಂದಾಯಿಸಬಹುದು. ಚಾಸಿ, ಬಾಡಿ, ಎಂಜಿನ್ನುಗಳನ್ನು ಮಾರ್ಪಡಿಸಿರಬಾರದು. ಮೈಸೂರಿನ ಹಳೆಯ ಜಾವಾಗಳೆಲ್ಲ ಈಗ ಆ ವಯಸ್ಸಿಗೆ ಬಂದಿವೆ. ನಿಮ್ಮ ಹಿತ್ತಲಿನಲ್ಲಿ ಅಪ್ಪನದೋ ತಾತನದೋ ಗಾಡಿ ನಿಂತಿದ್ದರೆ ಅದರ ಹಳೆಯ ಆರ್.ಸಿ. ಪುಸ್ತಕ ಹುಡುಕಿ ಜೋಪಾನ ಮಾಡಿ. ಇದ್ದ ಸ್ಥಿತಿಯಲ್ಲೇ ಎಲ್ಲ ಕಡೆಯಿಂದ ಫೋಟೊ ತೆಗೆದಿಡಿ. ಬಣ್ಣದವರ ಬಳಿಗೆ ಒಯ್ಯುವ ಮೊದಲು ಸೀಟಿನಡಿಯ ಬೆರಳಗಲ ಜಾಗವನ್ನು ಬರೀ ನೀರಿನಲ್ಲಿ ತೊಳೆದು, ಕೆಳಗೇನಿದೆ ಎಂದು ನೋಡಿ.