ಸರಕು ವಾಹನಕ್ಕೆ ತಕ್ಕ ಸ್ಪಾರ್ಕ್ ಪ್ಲಗ್ಗನ್ನು ಆರಿಸುವ ಕ್ರಮ

ಬೆಳೆಯನ್ನು ಬೆಳೆಯುವುದು ಎಷ್ಟು ಮುಖ್ಯವೋ, ಬೆಳೆದುದನ್ನು ಸಕಾಲದಲ್ಲಿ ಪೇಟೆಗೆ ಮುಟ್ಟಿಸುವುದೂ ಅಷ್ಟೇ ಮುಖ್ಯವಾದುದು. ಹೆಗ್ಗಡದೇವನಕೋಟೆ, ಹುಣಸೂರು, ನಂಜನಗೂಡು ಮುಂತಾದ ತಾಲ್ಲೂಕುಗಳಿಂದ ಮೈಸೂರಿನ ಬಂಡಿಪಾಳ್ಯದ ಮಾರುಕಟ್ಟೆಗೆ ಸರಕು ತರುವ ರೈತರಿಗೆ ಇದು ಚೆನ್ನಾಗಿ ತಿಳಿದ ಮಾತು. ವಾಹನವು ದಾರಿಯಲ್ಲಿ ನಿಂತರೆ ಸೊಪ್ಪು ಬಾಡುವುದು, ಟೊಮೇಟೊ ಕೆಡುವುದು, ಆ ದಿನದ ಬೆಲೆಯೂ ಕೈತಪ್ಪುವುದು. ಬಂಡೀಪುರದ ಅರಣ್ಯಮಾರ್ಗದಲ್ಲಿ 2009ರಲ್ಲಿ ರಾತ್ರಿ ಸಂಚಾರವು ನಿಷೇಧಿಸಲ್ಪಟ್ಟ ಮೇಲಂತೂ, ಗುಂಡ್ಲುಪೇಟೆಯ ಕಡೆಯಿಂದ ಘಟ್ಟದಾಚೆಗೆ ತರಕಾರಿ ಕಳುಹಿಸುವವರಿಗೆ ಒಂದೆರಡು ಗಂಟೆಗಳ ವಿಳಂಬವು ಒಂದು ರಾತ್ರಿಯ ವಿಳಂಬವಾಗಿ ಪರಿಣಮಿಸಬಹುದು. ಇಂತಹ ನಷ್ಟಕ್ಕೆ ಹೆಬ್ಬೆರಳಿಗಿಂತ ತುಸು ದೊಡ್ಡದಾದ ಒಂದು ಸ್ಪಾರ್ಕ್ ಪ್ಲಗ್ಗು ಕಾರಣವಾಗುವುದುಂಟು. ಆದುದರಿಂದ ಅದನ್ನು ಆರಿಸುವ ಕ್ರಮವನ್ನು ಜಮೀನುದಾರರೂ ಗ್ರಾಮದ ಮುಖಂಡರೂ ತಿಳಿದಿರುವುದು ಯುಕ್ತ.

ಯಾವ ವಾಹನಕ್ಕೆ ಪ್ಲಗ್ಗು ಬೇಕು

ಡೀಸೆಲ್ ಎಂಜಿನಿನಲ್ಲಿ ಒತ್ತಲ್ಪಟ್ಟ ಗಾಳಿಯ ಬಿಸಿಯಿಂದಲೇ ಎಣ್ಣೆಯು ಹತ್ತಿಕೊಳ್ಳುವುದರಿಂದ ಅದಕ್ಕೆ ಸ್ಪಾರ್ಕ್ ಪ್ಲಗ್ಗಿನ ಅವಶ್ಯಕತೆಯಿಲ್ಲ. ಕೆಲವು ಡೀಸೆಲ್ ವಾಹನಗಳಲ್ಲಿರುವ ಹೀಟರ್ ಪ್ಲಗ್ಗು ಬೇರೆಯೇ ವಸ್ತು. ಪೆಟ್ರೋಲಿನಿಂದಾಗಲಿ ಸಿ.ಎನ್.ಜಿ. ಅನಿಲದಿಂದಾಗಲಿ ನಡೆಯುವ ಎಂಜಿನುಗಳಿಗೆ ಮಾತ್ರ ಕಿಡಿ ಬೇಕು. 2005ರಲ್ಲಿ ಬಂದ ಟಾಟಾ ಏಸ್ ಮೊದಲು ಡೀಸೆಲ್ ವಾಹನವಾಗಿದ್ದಿತು. ತರುವಾಯ ಪೆಟ್ರೋಲ್ ಮತ್ತು ಸಿ.ಎನ್.ಜಿ. ಮಾದರಿಗಳೂ ಬಂದುವು. ದೊಡ್ಡ ಲಾರಿಗಳಲ್ಲಿಯೂ ಸಿ.ಎನ್.ಜಿ. ಮಾದರಿಗಳುಂಟು.

ಮೈಸೂರಿನವರಿಗೆ ಪ್ಲಗ್ಗು ಹೊಸದಲ್ಲ. 1961ರಿಂದ 1996ರವರೆಗೆ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಮೋಟಾರ್ ಸೈಕಲ್ಲುಗಳು ಟೂ ಸ್ಟ್ರೋಕ್ ಜಾತಿಯವು. ಪೆಟ್ರೋಲಿನೊಡನೆ ಎಣ್ಣೆಯೂ ಉರಿಯುತ್ತಿದ್ದುದರಿಂದ ಅವುಗಳ ಪ್ಲಗ್ಗು ಬೇಗನೆ ಮಸಿಗಟ್ಟುತ್ತಿದ್ದಿತು; ಸವಾರನು ಬಿಚ್ಚಿ, ಉಜ್ಜಿ, ಮತ್ತೆ ಹಾಕಿಕೊಳ್ಳುವುದು ರೂಢಿಯಾಗಿದ್ದಿತು. ಹೊರೆ ಹೊರುವ ಫೋರ್ ಸ್ಟ್ರೋಕ್ ಎಂಜಿನಿಗೆ ಈ ರೂಢಿಯು ಸಾಲದು. ನಿಮಿಷಕ್ಕೆ 3000 ಸುತ್ತು ತಿರುಗುವ ಅಂತಹ ಎಂಜಿನಿನ ಒಂದೊಂದು ಸಿಲಿಂಡರಿನಲ್ಲಿಯೂ ನಿಮಿಷಕ್ಕೆ 1500 ಬಾರಿ ಉರಿ ಹತ್ತಬೇಕು. ಅಂಗಡಿಯಲ್ಲಿ ನೋಡಲು ಒಂದೇ ತೆರನಾಗಿ ಕಾಣುವ ಪ್ಲಗ್ಗುಗಳೆಲ್ಲ ಈ ಕೆಲಸಕ್ಕೆ ಸಮಾನವಲ್ಲ.

ಆರಿಸುವಾಗ ನೋಡತಕ್ಕ ಅಂಶಗಳು

1. ಮರೆ ಮತ್ತು ಉದ್ದ: ಥ್ರೆಡ್ಡು ಎಂದು ಕರೆಯಲ್ಪಡುವ ಮರೆಯ ದಪ್ಪವು ಬಹುಕಾಲದಿಂದ 14 ಮಿಲಿಮೀಟರ್ ಇದ್ದಿತು; ಹೊಸ ಎಂಜಿನುಗಳಲ್ಲಿ 12 ಅಥವಾ 10 ಮಿಲಿಮೀಟರಿನವೂ ಉಂಟು. ಮರೆಯು ಕೂಡಿಕೊಂಡ ಮಾತ್ರಕ್ಕೆ ಪ್ಲಗ್ಗು ಸರಿಯೆಂದು ತಿಳಿಯಬಾರದು. 14 ಮಿಲಿಮೀಟರ್ ದಪ್ಪದಲ್ಲಿಯೇ 12.7 ಮತ್ತು 19 ಮಿಲಿಮೀಟರ್ ಉದ್ದದವು ಬೇರೆ ಬೇರೆಯಾಗಿ ದೊರೆಯುತ್ತವೆ. ಉದ್ದ ಹೆಚ್ಚಾದರೆ ಪಿಸ್ಟನ್ ಬಂದು ತಾಕಬಹುದು. ಕಡಿಮೆಯಾದರೆ ಕಿಡಿಯು ಗುಳಿಯೊಳಗೆ ಅಡಗಿ, ಉರಿಯು ಸರಿಯಾಗಿ ಹರಡದು.

2. ಉಷ್ಣದ ದರ್ಜೆ: ಇದೇ ಎಲ್ಲಕ್ಕಿಂತ ಮುಖ್ಯವಾದುದು. ಪ್ಲಗ್ಗಿನ ತುದಿಯು ಸುಮಾರು 450 ಡಿಗ್ರಿ ಸೆಂಟಿಗ್ರೇಡಿಗಿಂತ ತಣ್ಣಗಿದ್ದರೆ ಮಸಿಯು ಸುಟ್ಟುಹೋಗದೆ ಕಟ್ಟಿಕೊಳ್ಳುವುದು; 850 ಡಿಗ್ರಿಯ ಮೇಲಕ್ಕೆ ಬಹಳವಾಗಿ ಕಾದರೆ ಕಿಡಿಗೆ ಮೊದಲೇ ಅನಿಲವು ಹತ್ತಿಕೊಂಡು ಪಿಸ್ಟನ್ ತೂತಾಗಲೂಬಹುದು. ಬಿಸಿಯನ್ನು ಬೇಗ ಬಿಟ್ಟುಕೊಡುವುದನ್ನು ತಣ್ಣನೆಯ ಪ್ಲಗ್ಗೆಂದೂ, ಹಿಡಿದಿಟ್ಟುಕೊಳ್ಳುವುದನ್ನು ಬಿಸಿ ಪ್ಲಗ್ಗೆಂದೂ ಕರೆಯುತ್ತಾರೆ. ಇಲ್ಲಿ ಅನೇಕರು ಮೋಸಹೋಗುವ ಸಂಗತಿಯೊಂದುಂಟು. ಎನ್.ಜಿ.ಕೆ. ಕಂಪೆನಿಯವರ ಲೆಕ್ಕದಲ್ಲಿ ಅಂಕಿ ಹೆಚ್ಚಿದಷ್ಟೂ ಪ್ಲಗ್ಗು ತಣ್ಣನೆಯದು. ಬೆಂಗಳೂರಿನಲ್ಲಿ 1951ರಲ್ಲಿ ಸ್ಥಾಪಿತವಾದ ಮೈಕೋ ಕಂಪೆನಿಯ ಮೂಲಕ ನಮ್ಮಲ್ಲಿ ಪರಿಚಿತವಾದ ಬಾಷ್ ಲೆಕ್ಕದಲ್ಲಿ ಅಂಕಿ ಹೆಚ್ಚಿದಷ್ಟೂ ಬಿಸಿಯದು. ಮೊದಲನೆಯವರ 6 ಸುಮಾರಾಗಿ ಎರಡನೆಯವರ 7ಕ್ಕೆ ಸಮ. ಕೇವಲ ಅಂಕಿಯನ್ನು ನೋಡಿ ಒಂದರ ಬದಲು ಇನ್ನೊಂದನ್ನು ಕೊಳ್ಳುವುದು ಅಪಾಯಕರ. ಕಂಪೆನಿಯವರ ಹೋಲಿಕೆಯ ಪಟ್ಟಿಯನ್ನು ನೋಡಲೇಬೇಕು.

3. ಗ್ಯಾಪು: ಕಿಡಿಯು ಹಾರುವ ಸಂದು ಎಷ್ಟಿರಬೇಕೆಂಬುದು ವಾಹನದ ಕೈಪಿಡಿಯಲ್ಲಿರುತ್ತದೆ. ಸಂದು ಅಗಲವಾದರೆ ಹೊರೆ ಹೊತ್ತು ಏರು ಹತ್ತುವಾಗ ಕಿಡಿ ತಪ್ಪುವುದು. ಸಿ.ಎನ್.ಜಿ. ಅನಿಲದಲ್ಲಿ ಕಿಡಿ ಹಾರಲು ಹೆಚ್ಚಿನ ವಿದ್ಯುದೊತ್ತಡ ಬೇಕಾಗುವುದರಿಂದ ಈ ವಿಷಯದಲ್ಲಿ ವಿಶೇಷ ಜಾಗರೂಕತೆ ಬೇಕು. ಇರಿಡಿಯಮ್ ತುದಿಯ ಪ್ಲಗ್ಗುಗಳ ನಡುವಣ ಸೂಜಿಯು ಬಹು ಸೂಕ್ಷ್ಮವಾದುದರಿಂದ ಅದನ್ನು ಮೀಟಿ ಬಗ್ಗಿಸಕೂಡದು.

4. ರೆಸಿಸ್ಟರ್: ಈಗಿನ ವಾಹನಗಳಲ್ಲಿ ಎಂಜಿನನ್ನು ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಯಿರುತ್ತದೆ. ಕೈಪಿಡಿಯಲ್ಲಿ ರೆಸಿಸ್ಟರ್ ಇರುವ ಪ್ಲಗ್ಗನ್ನು ಹೇಳಿದ್ದರೆ ಇಲ್ಲದುದನ್ನು ಹಾಕಬಾರದು. ಕಿಡಿಯ ವಿದ್ಯುತ್ತು ಆ ಪೆಟ್ಟಿಗೆಯ ಕೆಲಸವನ್ನು ಕೆಡಿಸಬಹುದು.

ಹಳೆಯ ಪ್ಲಗ್ಗು ಹೇಳುವ ಸಂಗತಿ

ಬಿಚ್ಚಿದ ಪ್ಲಗ್ಗುಗಳನ್ನು ಎಸೆಯದೆ, ಯಾವುದು ಯಾವ ಸಿಲಿಂಡರಿನದೆಂದು ಗುರುತಿಟ್ಟು ನೋಡತಕ್ಕದ್ದು. ಪೆಟ್ರೋಲ್ ಎಂಜಿನಿನಲ್ಲಿ ತುದಿಯ ಪಿಂಗಾಣಿಯು ತಿಳಿಗಂದು ಅಥವಾ ಬೂದು ಬಣ್ಣವಾಗಿದ್ದರೆ ಎಲ್ಲವೂ ಕ್ಷೇಮ. ಒಣ ಕಪ್ಪು ಮಸಿಯಿದ್ದರೆ ಪೆಟ್ರೋಲು ಹೆಚ್ಚಾಗಿದೆ, ಗಾಳಿಯ ಜರಡಿ ಕಟ್ಟಿದೆ, ಇಲ್ಲವೆ ಪ್ಲಗ್ಗು ಅತಿ ತಣ್ಣನೆಯದು. ಎಣ್ಣೆಯಿಂದ ಒದ್ದೆಯಾಗಿದ್ದರೆ ಪಿಸ್ಟನ್ ರಿಂಗು ಮುಂತಾದುವು ಸವೆದಿರಬಹುದು. ತುದಿಯು ಬೆಳ್ಳಗೆ ಬೊಬ್ಬೆಯೆದ್ದಿದ್ದರೆ ಎಂಜಿನು ಅತಿಯಾಗಿ ಕಾಯುತ್ತಿದೆ. ಇಂತಹ ದೋಷಗಳಿರುವಾಗ ಪ್ಲಗ್ಗನ್ನು ಮಾತ್ರ ಬದಲಾಯಿಸುವುದರಿಂದ ಪ್ರಯೋಜನವಿಲ್ಲ. ಮೂಲಕಾರಣವನ್ನು ಮೆಕ್ಯಾನಿಕನಿಂದ ಸರಿಪಡಿಸಿಕೊಳ್ಳಬೇಕು. ಸಿ.ಎನ್.ಜಿ.ಯಲ್ಲಿ ಮಸಿಯು ಕಡಿಮೆಯಾದುದರಿಂದ ತುದಿಯು ಸ್ವಲ್ಪ ಬಿಳುಪಾಗಿರುವುದು ಸಹಜ.

ಜೋಡಿಸುವ ಕ್ರಮ

ಎಂಜಿನು ಆರಿದ ಮೇಲೆಯೇ ಬಿಚ್ಚತಕ್ಕದ್ದು. ಬಿಚ್ಚುವ ಮೊದಲು ಸುತ್ತಲಿನ ಧೂಳನ್ನು ಊದಿ ತೆಗೆಯಬೇಕು. ಇಲ್ಲವಾದರೆ ಅದು ಸಿಲಿಂಡರಿಗೆ ಬೀಳುವುದು. ಹೊಸ ಪ್ಲಗ್ಗನ್ನು ಕೈಯಿಂದಲೇ ಕೊನೆಯವರೆಗೆ ತಿರುಗಿಸಿ ಕೂರಿಸಬೇಕು. ವಾಷರ್ ಇರುವ ಹೊಸ 14 ಮಿಲಿಮೀಟರ್ ಪ್ಲಗ್ಗಿಗೆ ಆ ಮೇಲೆ ಸ್ಪ್ಯಾನರಿನಿಂದ ಅರ್ಧ ಸುತ್ತಿಗಿಂತ ತುಸು ಹೆಚ್ಚು ಸಾಕು. ವಾಷರಿಲ್ಲದೆ ಓರೆಯಾಗಿ ಕೂರುವ ಜಾತಿಗೆ ಸುತ್ತಿನ ಹದಿನಾರರಲ್ಲೊಂದು ಭಾಗ ಮಾತ್ರ. ಬಲವಂತ ಮಾಡಿದರೆ ಅಲ್ಯೂಮಿನಿಯಮ್ ಹೆಡ್ಡಿನ ಮರೆಯು ಕಿತ್ತುಹೋಗುವುದು. ಎಲ್ಲ ಸಿಲಿಂಡರುಗಳ ಪ್ಲಗ್ಗುಗಳನ್ನೂ ಒಟ್ಟಿಗೆ, ಒಂದೇ ನಂಬರಿನವಾಗಿ ಬದಲಾಯಿಸುವುದು ಉತ್ತಮ.

ಮುಖಂಡರಿಗೆ ಸೂಚನೆ

ಹೆಸರಾಂತ ಕಂಪೆನಿಗಳ ನಕಲಿ ಪ್ಲಗ್ಗುಗಳೂ ಪೇಟೆಗೆ ಬರುತ್ತವೆ. ಆದಕಾರಣ ನಂಬಿಕೆಯ ಅಂಗಡಿಯಲ್ಲಿ ರಸೀತಿಯೊಡನೆ ಕೊಳ್ಳತಕ್ಕದ್ದು. ವಾಹನವುಳ್ಳ ಪ್ರತಿಯೊಬ್ಬರೂ ಕೈಪಿಡಿಯಲ್ಲಿರುವ ಪ್ಲಗ್ಗಿನ ಪೂರ್ಣ ನಂಬರು, ಗ್ಯಾಪು, ಬದಲಾಯಿಸಿದ ತಾರೀಖು ಮತ್ತು ಅಂದಿನ ಕಿಲೋಮೀಟರುಗಳನ್ನು ಒಂದು ಚೀಟಿಯಲ್ಲಿ ಬರೆದು ವಾಹನದಲ್ಲಿಯೇ ಇಡುವಂತೆ ಮುಖಂಡರು ತಿಳಿಯಹೇಳಬೇಕು. ಪೆಟ್ರೋಲ್ ಪಂಪು, ಕಳೆ ಕೀಳುವ ಯಂತ್ರ, ಔಷಧಿ ಸಿಂಪಡಿಸುವ ಯಂತ್ರಗಳಿಗೂ ಇದೇ ನಿಯಮವು ಅನ್ವಯಿಸುತ್ತದೆ. ಎತ್ತಿನ ಹೆಗಲನ್ನು ನೋಡಿ ನೊಗವನ್ನು ಮಾಡಿಸುವ ರೈತನು, ಎಂಜಿನನ್ನು ನೋಡಿ ಪ್ಲಗ್ಗನ್ನು ಕೊಳ್ಳುವುದು ಕಷ್ಟವೇನೂ ಅಲ್ಲ. ಕೆಲವು ನೂರು ರೂಪಾಯಿಗಳ ಈ ಎಚ್ಚರಿಕೆಯು ಸಹಸ್ರಾರು ರೂಪಾಯಿಗಳ ಎಂಜಿನನ್ನೂ, ಒಂದು ಗಾಡಿಯಷ್ಟು ಫಸಲನ್ನೂ ಕಾಪಾಡಬಲ್ಲುದು.