ಪಲಸಿಗೆಯಿಂದ ಗೋವೆಗೆ: ಬೆಳಗಾವಿ–ಪಣಜಿ ಹೆದ್ದಾರಿಯ ಮಾರ್ಗ ಮತ್ತು ಚರಿತ್ರೆ

ಬೆಳಗಾವಿಯಿಂದ ಖಾನಾಪುರ, ಅನಮೋಡಗಳ ಮೂಲಕ ಪಣಜಿಯನ್ನು ಸೇರುವ ಹೆದ್ದಾರಿಯು ದೀರ್ಘಕಾಲ ರಾಷ್ಟ್ರೀಯ ಹೆದ್ದಾರಿ 4ಎ ಎಂದೇ ಪರಿಚಿತವಾಗಿತ್ತು. 2010ರಲ್ಲಿ ದೇಶದ ಹೆದ್ದಾರಿಗಳಿಗೆ ಹೊಸ ಸಂಖ್ಯೆಗಳನ್ನು ನೀಡಿದಾಗ ಇದು 748 ಎಂಬ ಸಂಖ್ಯೆಯನ್ನು ಪಡೆಯಿತು. 4ಎ ಎಂದು ಗುರುತಿಸಲಾಗಿದ್ದಾಗ ಇದರ ಉದ್ದ 153 ಕಿ.ಮೀ. ಆಗಿತ್ತು. ಅದರಲ್ಲಿ 82 ಕಿ.ಮೀ. ಕರ್ನಾಟಕದಲ್ಲಿಯೂ 71 ಕಿ.ಮೀ. ಗೋವೆಯಲ್ಲಿಯೂ ಇದ್ದವು. ಆಡಳಿತದ ದೃಷ್ಟಿಯಲ್ಲಿ ಇದು ಎರಡು ರಾಜ್ಯಗಳನ್ನು ಜೋಡಿಸುವ ಸಂಪರ್ಕ ಮಾರ್ಗ ಮಾತ್ರ. ಆದರೆ ಕನ್ನಡ ಸಂಸ್ಕೃತಿಯ ಅಧ್ಯಯನದ ದೃಷ್ಟಿಯಿಂದ ನೋಡಿದಾಗ, ಒಂದು ಕಾಲಕ್ಕೆ ಒಂದೇ ಆಳ್ವಿಕೆಗೆ ಒಳಪಟ್ಟಿದ್ದ ಘಟ್ಟದ ಮೇಲಣ ಮತ್ತು ಕೆಳಗಣ ನಾಡುಗಳ ಸಂಬಂಧವನ್ನು ಈ ಮಾರ್ಗವು ಇಂದಿಗೂ ಸೂಚಿಸುತ್ತದೆ.

ಬೆಳಗಾವಿಯನ್ನು ಬಿಟ್ಟ ಮಾರ್ಗವು ಪೀರನವಾಡಿ, ಮಚ್ಛೆಗಳನ್ನು ದಾಟಿ ಮಲಪ್ರಭೆಯ ದಡದ ಖಾನಾಪುರವನ್ನು ತಲುಪುತ್ತದೆ. ಅಲ್ಲಿಂದ ಮುಂದೆ ಬಯಲು ಕಡಿಮೆಯಾಗುತ್ತ ಕಾಡು ದಟ್ಟವಾಗುತ್ತದೆ. ಗುಂಜಿ, ಲೋಂಡಾಗಳನ್ನು ಹಾಯ್ದು ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕಿನ ರಾಮನಗರವನ್ನು ಸೇರುವ ರಸ್ತೆಯು, ಅನಮೋಡದ ಬಳಿ ಘಟ್ಟವನ್ನಿಳಿದು ಗೋವೆಯ ಮೊಲೆಂ ತಲುಪುತ್ತದೆ. ಬಳಿಕ ಧಾರಬಾಂದೋಡಾ, ಫೋಂಡಾ, ಬಾಣಸ್ತಾರಿ, ಹಳೆ ಗೋವೆಗಳ ಮೂಲಕ ಪಣಜಿಯಲ್ಲಿ ಕೊನೆಗೊಳ್ಳುತ್ತದೆ. ಸುಮಾರು 3,700 ಚ.ಕಿ.ಮೀ. ವಿಸ್ತೀರ್ಣದ ಪುಟ್ಟ ರಾಜ್ಯವನ್ನು ಘಟ್ಟದ ತಪ್ಪಲಿನಿಂದ ಮಾಂಡೋವಿಯ ದಡದವರೆಗೆ ಅಡ್ಡಲಾಗಿ ದಾಟುವ ಮಾರ್ಗವಿದು.

ಖಾನಾಪುರ ತಾಲ್ಲೂಕಿನ ಹಲಸಿಯೇ ಪ್ರಾಚೀನ ಪಲಾಶಿಕೆ. ಬನವಾಸಿಯ ಕದಂಬರಾದ ಕಾಕುಸ್ಥವರ್ಮ, ಮೃಗೇಶವರ್ಮ, ರವಿವರ್ಮರ ಕಾಲದ ತಾಮ್ರಪಟಗಳು ಇಲ್ಲಿ ದೊರೆತಿವೆ. ಮುಂದೆ ಗೋವೆಯ ಕದಂಬರು ಚಂದ್ರಪುರ ಹಾಗೂ ಗೋಪಕಪಟ್ಟಣಗಳಿಂದ ಆಳಿದಾಗ ಪಲಸಿಗೆಯು ಅವರ ಮತ್ತೊಂದು ಮುಖ್ಯ ಕೇಂದ್ರವಾಯಿತು. ಕೊಂಕಣ 900 ಮತ್ತು ಪಲಸಿಗೆ 12000 ಎಂಬ ಎರಡು ಪ್ರಾಂತಗಳು ಅವರ ಅಧಿಕಾರದಲ್ಲಿದ್ದವು. ಮೊದಲನೆಯದು ಕರಾವಳಿ, ಎರಡನೆಯದು ಘಟ್ಟದ ಮೇಲಿನ ನಾಡು. ಘಟ್ಟದ ದಾರಿಗಳು ಸುರಕ್ಷಿತವಾಗಿರದಿದ್ದರೆ ಇವೆರಡನ್ನೂ ಒಟ್ಟಿಗೆ ಆಳುವುದು ಸಾಧ್ಯವಿರಲಿಲ್ಲ. ಇಂದಿನ ಡಾಂಬರು ರಸ್ತೆಯೇ ಕದಂಬರ ದಾರಿಯೆಂದು ಸಾಧಿಸಲು ಬಾರದು. ಘಟ್ಟವನ್ನಿಳಿಯುವ ದಾರಿಗಳು ಹಲವಿದ್ದವು. ಆದರೆ ಮೇಲೆ ಹಲಸಿಯ ಭೂವರಾಹ ನರಸಿಂಹ ದೇವಾಲಯ, ಕೆಳಗೆ ಮೊಲೆಂ ಸಮೀಪದ ಕಾಡಿನೊಳಗೆ ತಾಂಬಡಿ ಸುರ್ಲಾದ ಮಹಾದೇವ ದೇವಾಲಯ ಇರುವುದು ಈ ದಿಕ್ಕಿನ ಸಂಚಾರದ ಪ್ರಾಚೀನತೆಯನ್ನು ಸಮರ್ಥಿಸುತ್ತದೆ.

ಶಾಸನಗಳ ಭಾಷೆಯೂ ಇದಕ್ಕೆ ಪೂರಕವಾಗಿದೆ. ಗೋವೆಯ ಕದಂಬರು ಕನ್ನಡ, ಸಂಸ್ಕೃತಗಳೆರಡನ್ನೂ ಬಳಸಿದ್ದಾರೆ. ರಾಣಿ ಕಮಲಾದೇವಿ ಕಟ್ಟಿಸಿದ ದೇಗಾಂವಿಯ ಕಮಲನಾರಾಯಣ ದೇವಾಲಯದ ಶಾಸನವನ್ನು ಕನ್ನಡ ಮತ್ತು ನಾಗರಿ ಲಿಪಿಗಳೆರಡರಲ್ಲಿಯೂ ಕೊರೆಯಿಸಿರುವುದು ಗಮನಾರ್ಹ. ಎರಡು ಬಗೆಯ ಓದುಗರನ್ನು ಏಕಕಾಲಕ್ಕೆ ಉದ್ದೇಶಿಸಿದ ಆಳ್ವಿಕೆಯೊಂದರ ಸ್ವರೂಪವನ್ನು ಇದರಲ್ಲಿ ಕಾಣಬಹುದು.

ಕದಂಬರ ಬಳಿಕವೂ ಈ ನಂಟು ಮುಂದುವರಿಯಿತು. ಬಹಮನಿ ಮಂತ್ರಿ ಮಹಮೂದ್ ಗವಾನನು 1472-73ರ ಅವಧಿಯಲ್ಲಿ ಗೋವೆ ಮತ್ತು ಬೆಳಗಾವಿಗಳೆರಡನ್ನೂ ವಶಪಡಿಸಿಕೊಂಡನು. 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಹಿಡಿದರೂ, ಫೋಂಡಾ ಮೊದಲಾದ ಒಳನಾಡುಗಳು ಬಹುಕಾಲ ಅವರ ಕೈಗೆ ಸಿಕ್ಕಿರಲಿಲ್ಲ. ಹೈದರಾಲಿಯು ಸೋದೆಯನ್ನು ಗೆದ್ದಾಗ ಅಲ್ಲಿಯ ಅರಸು ಗೋವೆಗೆ ಸರಿದು ಪೋರ್ಚುಗೀಸರ ಆಶ್ರಯ ಪಡೆದನು. 18ನೆಯ ಶತಮಾನದ ಉತ್ತರಾರ್ಧದಲ್ಲಿ ಈ ಒಳನಾಡುಗಳು ಪೋರ್ಚುಗೀಸರ ಪಾಲಾದವು. ಹೀಗೆ ಘಟ್ಟದ ಅಂಚು ಎರಡು ಸಾಮ್ರಾಜ್ಯಗಳ ಗಡಿಯಾಗಿ ಮಾರ್ಪಟ್ಟಿತು.

1878ರ ಆಂಗ್ಲೋ-ಪೋರ್ಚುಗೀಸ್ ಒಪ್ಪಂದದ ತರುವಾಯ, 1880ರ ದಶಕದಲ್ಲಿ, ಮುರಗಾಂವ ಬಂದರಿನಿಂದ ಕ್ಯಾಸಲ್ ರಾಕ್‌ವರೆಗೆ ರೈಲುಮಾರ್ಗ ನಿರ್ಮಾಣವಾಯಿತು. ಲೋಂಡಾದ ಮೂಲಕ ಅದು ದಕ್ಷಿಣ ಮರಾಠಾ ರೈಲ್ವೆಯೊಂದಿಗೆ ಕೂಡಿಕೊಂಡಿತು. ಭಾರತ ಸರಕಾರವು 1955ರಲ್ಲಿ ಆರ್ಥಿಕ ದಿಗ್ಬಂಧನ ವಿಧಿಸಿದಾಗ ಗಡಿಯಾಚೆಯ ರೈಲು ಸಂಚಾರ ನಿಂತಿತು. ಮರುವರ್ಷ, ಅಂದರೆ 1956ರಲ್ಲಿ, ಬೆಳಗಾವಿ ಮತ್ತು ಉತ್ತರ ಕನ್ನಡಗಳು ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದವು. 1961ರ ಡಿಸೆಂಬರ್ 18ರಂದು ಭಾರತೀಯ ಸೇನೆಯ ಒಂದು ದಳ ಅನಮೋಡದಿಂದ ಮೊಲೆಂ ಮಾರ್ಗವಾಗಿ ಫೋಂಡಾದತ್ತ ಮುನ್ನಡೆಯಿತು. ಮರುದಿನವೇ ಗೋವೆ ವಿಮೋಚನೆಗೊಂಡಿತು. ಮುಚ್ಚಿದ ದಾರಿ ಪುನಃ ತೆರೆಯಿತು.

ಆನಂತರ ಈ ದಾರಿಯಲ್ಲಿ ಕೆಳಗಿಳಿದವರು ಅರಸರಲ್ಲ, ದುಡಿಯುವ ಜನ. ಬಂದರು, ಗಣಿ, ಕಟ್ಟಡ ಕೆಲಸಗಳನ್ನರಸಿ ಉತ್ತರ ಕರ್ನಾಟಕದ ಕುಟುಂಬಗಳು ವಾಸ್ಕೋ, ಫೋಂಡಾ ಮೊದಲಾದೆಡೆ ನೆಲೆಸಿದವು. 2011ರ ಜನಗಣತಿಯಲ್ಲಿ ಗೋವೆಯ ಜನಸಂಖ್ಯೆಯ ನೂರಕ್ಕೆ ನಾಲ್ಕಕ್ಕಿಂತ ಹೆಚ್ಚು ಮಂದಿ ಕನ್ನಡವನ್ನು ತಾಯ್ನುಡಿಯೆಂದು ದಾಖಲಿಸಿದ್ದಾರೆ. ಅಲ್ಲಿ ಇವರನ್ನು ಹೊರಗಿನವರೆಂದು ಕಾಣುವುದೇ ಹೆಚ್ಚು. ಹಳೆಯ ಶಾಸನಗಳ ಕನ್ನಡವನ್ನು ಗೋವೆಯ ಚರಿತ್ರೆಯ ಭಾಗವೆಂದು ಒಪ್ಪುವ ವಿದ್ವತ್ತು, ಇಂದಿನ ಕೂಲಿಕಾರರ ಕನ್ನಡವನ್ನು ಅದೇ ಗಂಭೀರತೆಯಿಂದ ಅಭ್ಯಸಿಸಬೇಕಾಗಿದೆ.

ಕನ್ನಡ, ಮರಾಠಿ, ಕೊಂಕಣಿಗಳು ಬೆರೆತಿರುವ ಈ ಪ್ರದೇಶವನ್ನು ಗಡಿವಿವಾದದ ಚೌಕಟ್ಟಿನಲ್ಲಿಯೇ ನೋಡುವ ರೂಢಿ ಬಲವಾಗಿದೆ. ಗಡಿಗೆರೆಯ ಬದಲು ಸಂಚಾರದ ಮಾರ್ಗವನ್ನು ಅಧ್ಯಯನದ ಘಟಕವಾಗಿಸಿಕೊಂಡರೆ ಬೇರೆಯದೇ ಚಿತ್ರ ದೊರೆಯುತ್ತದೆ. ರಸ್ತೆ ಅಗಲೀಕರಣದಲ್ಲಿ ಹೊಲದಂಚಿನ ವೀರಗಲ್ಲು, ಎಲ್ಲೆಗಲ್ಲುಗಳಂತಹ ಕುರುಹುಗಳು ಸುಲಭವಾಗಿ ಕಣ್ಮರೆಯಾಗಬಲ್ಲವು. ಆದ್ದರಿಂದ ಹಲಸಿಯಿಂದ ಫೋಂಡಾದವರೆಗಿನ ಸ್ಥಳನಾಮ, ಶಿಲಾವಶೇಷ ಮತ್ತು ಮೌಖಿಕ ಪರಂಪರೆಗಳ ಕ್ಷೇತ್ರಕಾರ್ಯವನ್ನು ಎರಡೂ ರಾಜ್ಯಗಳ ವಿದ್ವಾಂಸರು ಕೂಡಿಯೇ ಕೈಗೊಳ್ಳುವುದು ಅಗತ್ಯ.