ತೊಳೆದ ಮೋಟಾರು ಬೈಕನ್ನು ಒಣಗಿಸುವ ಕ್ರಮ

ವಾಹನವನ್ನು ತೊಳೆಯುವುದರಲ್ಲಿ ನಮ್ಮ ತರುಣರಿಗಿರುವ ಉತ್ಸಾಹ ಅದನ್ನು ಒಣಗಿಸುವುದರಲ್ಲಿ ಕಾಣದು. ಬಿಸಿಲಿಗೆ ನಿಲ್ಲಿಸಿದರಾಯಿತೆಂದು ಭಾವಿಸುವರು. ಬಿಸಿಲಿಗೆ ನೀರೇನೋ ಆರುವುದು. ಗಡಸು ನೀರಿನ ಲವಣವು ಬಿಳಿಯ ಕಲೆಯಾಗಿ ಉಳಿಯುವುದು. ಆದುದರಿಂದ ನೆರಳಿನಲ್ಲಿ ನಿಲ್ಲಿಸಿ, ಮೆತ್ತನೆಯ ಹತ್ತಿಬಟ್ಟೆಯಿಂದ ಮೇಲಿನಿಂದ ಕೆಳಕ್ಕೆ ಒರೆಸತಕ್ಕದ್ದು.

ಚೈನಿನ ಕೊಂಡಿಗಳ ನಡುವೆ ನಿಂತ ನೀರು ತುಕ್ಕಿಗೆ ಮೂಲ. (ತಾಮ್ರ, ಹಿತ್ತಾಳೆಗಳಿಗೆ ಹಿಡಿಯುವುದು ಕಿಲುಬು, ಕಬ್ಬಿಣಕ್ಕೆ ತುಕ್ಕು. ವಿದ್ಯಾರ್ಥಿಗಳು ಇವೆರಡನ್ನು ಬೆರೆಸಬಾರದು.) ಎಂಜಿನ್ನನ್ನು ನಿಲ್ಲಿಸಿಯೇ ಹಿಂದಿನ ಗಾಲಿಯನ್ನು ಕೈಯಿಂದ ತಿರುಗಿಸುತ್ತ ಚೈನನ್ನು ಒರೆಸಿ, ಒಣಗಿದ ಬಳಿಕ ಎಣ್ಣೆ ಹಾಕಬೇಕು. ಎಂಜಿನ್ ಓಡುತ್ತಿರುವಾಗ ಬಟ್ಟೆ ಹಿಡಿದರೆ ಬೆರಳಿಗೇ ಅಪಾಯ.

ಎಲ್ಲಕ್ಕಿಂತ ಮುಖ್ಯವಾದುದು ಬ್ರೇಕು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಅಲ್ಲಿ ತಯಾರಾದ ಯೆಜ್ದಿಗಳು ಇಂದಿಗೂ ಓಡುತ್ತಿವೆ. ಅವುಗಳಿಗೆ ಇರುವುದು ಡ್ರಮ್ ಬ್ರೇಕು. ಡ್ರಮ್ಮಿನೊಳಗೆ ನೀರು ಸೇರಿತೆಂದರೆ ಘರ್ಷಣೆ ಕುಂದುವುದು, ಬ್ರೇಕು ಒತ್ತಿದರೂ ವಾಹನ ನಿಲ್ಲದೆ ಮುಂದೆ ಸಾಗುವುದು. ಅಲ್ಲಿಗೆ ಬಟ್ಟೆ ಎಟುಕದು. ಜನಸಂಚಾರವಿಲ್ಲದ ಕಡೆ ನಿಧಾನವಾಗಿ ಓಡಿಸುತ್ತ ಎರಡೂ ಬ್ರೇಕುಗಳನ್ನು ಹಗುರವಾಗಿ ಮತ್ತೆ ಮತ್ತೆ ಒತ್ತಿದರೆ, ಹುಟ್ಟಿದ ಕಾವಿಗೆ ನೀರು ಆರಿ ಹಿಡಿತ ಮರಳುವುದು. ತೊಳೆದ ಕೂಡಲೆ ಮಗುವನ್ನು ಹಿಂದೆ ಕೂರಿಸಿಕೊಂಡು ಶಾಲೆಗೆ ಹೊರಡುವ ಪೋಷಕರು ಇಷ್ಟನ್ನು ಮೊದಲು ಮಾಡಿಕೊಳ್ಳಬೇಕು.